ಹಾಲೂ ಕೆಚ್ಚಲೂ ಕರುವಿಗೆ ಹೇಗೆ ಇಳಿಯುತ್ತವೆ? ಹಸು ಸಾಕುವವರಿಗೊಂದು ಮಾರ್ಗದರ್ಶಿ

ಹಸು ಬೆದೆಗೆ ಬಂದ ದಿನ ನಾವು ಮಾಡುವ ಆಯ್ಕೆಯ ಫಲ ಕೈಗೆ ಸಿಗುವುದು ಹೆಚ್ಚುಕಡಿಮೆ ಮೂರು ವರ್ಷದ ಮೇಲೆ. ಗಬ್ಬದ ಒಂಬತ್ತು ತಿಂಗಳು, ಕಡಸು (ಇನ್ನೂ ಕರು ಹಾಕದ ಹೆಣ್ಣು) ಬೆಳೆಯಲು ಒಂದೂವರೆ ವರ್ಷ, ಅದು ಗಬ್ಬವಾಗಿ ಕರು ಹಾಕಲು ಮತ್ತೆ ಒಂಬತ್ತು ತಿಂಗಳು. ಇಷ್ಟು ದೊಡ್ಡ ಕೆಲಸವನ್ನು ಹೆಚ್ಚಿನವರು ವೀರ್ಯದ ಇಂಜೆಕ್ಷನ್ ಹಾಕುವವರಿಗೆ ಹೇಳುವ "ಒಳ್ಳೇ ಹೋರಿದು ಹಾಕಿ ಸಾರ್" ಎಂಬ ಒಂದು ಮಾತಿನಲ್ಲಿ ಮುಗಿಸುತ್ತಾರೆ. ಯಾವುದಕ್ಕೆ ಒಳ್ಳೆಯ ಹೋರಿ? ಹಾಲಿಗೋ, ಫ್ಯಾಟಿಗೋ, ಕೆಚ್ಚಲಿಗೋ? ಈ ಪ್ರಶ್ನೆ ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ.

ಕೋಲಾರ, ಮಂಡ್ಯ, ಹಾಸನದ ಕಡೆ ಎರಡು, ನಾಲ್ಕು, ಹತ್ತು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ಹಾಲಿನ ತಳಿ) ಮಿಶ್ರತಳಿ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಜರ್ಸಿ ಮಿಶ್ರತಳಿ ಇದ್ದವರಿಗೂ ಲೆಕ್ಕ ಇದೇ.

ಮೊದಲು ಬುಡದ ವಿಷಯ

ಕರುವಿಗೆ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತದೆ. ಹೋರಿ ಹಾಲು ಕೊಡುವುದಿಲ್ಲ, ಅದಕ್ಕೆ ಕೆಚ್ಚಲೂ ಇಲ್ಲ. ಆದರೆ ಹಾಲಿನ ಗುಣ, ಕೆಚ್ಚಲಿನ ಆಕಾರ ಎರಡನ್ನೂ ಅದು ಮೈಯಲ್ಲಿ ಹೊತ್ತಿರುತ್ತದೆ, ಮಗಳಿಗೆ ಕೊಡುತ್ತದೆ. "ಹಾಲು ತಾಯಿ ಕಡೆಯಿಂದ ಬರೋದು" ಎಂಬ ಮಾತು ಅರ್ಧ ಮಾತ್ರ ನಿಜ.

ಕೆಲವು ಗುಣಗಳು ಒಂದೇ ಜೀನಿನ ಮೇಲೆ ನಿಂತಿವೆ. ಎ1, ಎ2 ಹಾಲಿನ ವಿಷಯ ಹಾಗೆ; ಇವು ಹಾಲಿನ ಒಂದು ಪ್ರೋಟೀನಿನ ಎರಡು ಬಗೆ. ಹಸುವಿನಲ್ಲಿ ಎ1 ಮತ್ತು ಎ2 ಒಂದೊಂದು ಪ್ರತಿ ಇದ್ದು, ಹೋರಿಯಲ್ಲಿ ಎರಡೂ ಎ2 ಇದ್ದರೆ, ಹುಟ್ಟುವ ಕರುಗಳಲ್ಲಿ ಸರಾಸರಿ ಅರ್ಧದಷ್ಟು ಪೂರ್ತಿ ಎ2 ಆಗುತ್ತವೆ. ಲೆಕ್ಕ ಸುಲಭ. ಹಾಲಿನ ಪ್ರಮಾಣ ಹಾಗಲ್ಲ. ಅದರ ಹಿಂದೆ ಸಾವಿರಾರು ಜೀನುಗಳಿವೆ, ಒಂದೊಂದರ ಪಾಲೂ ಚಿಕ್ಕದು. ಯಾವ ಅರ್ಧ ಕರುವಿಗೆ ಹೋಗುತ್ತದೆ ಅನ್ನುವುದು ಪ್ರತಿ ಸಲವೂ ಬೇರೆ. ಅದಕ್ಕೇ ಒಂದೇ ತಾಯಿ, ಒಂದೇ ಹೋರಿಗೆ ಹುಟ್ಟಿದ ಅಕ್ಕ 18 ಲೀಟರ್ ಕೊಟ್ಟರೆ ತಂಗಿ 12ಕ್ಕೆ ನಿಲ್ಲಬಹುದು. ಇದರಲ್ಲಿ ಯಾರ ಮೋಸವೂ ಇಲ್ಲ.

ಈಗ ಒಂದು ಅಳತೆ ತಿಳಿದುಕೊಳ್ಳಿ. ಹಸು ಹಸುಗಳ ನಡುವೆ ನಮಗೆ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಪಾಲು ವಂಶದಿಂದ ಬಂದದ್ದು, ಎಷ್ಟು ಪಾಲು ಮೇವು, ನೀರು, ಆರೈಕೆ, ಬಿಸಿಲಿನಿಂದ ಬಂದದ್ದು? ವಂಶದ ಪಾಲನ್ನು ಅನುವಂಶೀಯತೆ ಅನ್ನುತ್ತಾರೆ. ಹಾಲಿನ ಪ್ರಮಾಣಕ್ಕೆ ಇದು ಸುಮಾರು ಶೇ. 25ರಿಂದ 35. ಫ್ಯಾಟ್ ಮತ್ತು ಪ್ರೋಟೀನಿನ ಶೇಕಡಾವಾರಿಗೆ ಇನ್ನೂ ಜಾಸ್ತಿ, 40ರಿಂದ 50ರ ಹತ್ತಿರ. ಕೆಚ್ಚಲು ಎಷ್ಟು ಕೆಳಗೆ ಜೋತಿದೆ, ಮೊಲೆತೊಟ್ಟು ಎಷ್ಟು ಉದ್ದ, ಎಲ್ಲಿ ಕೂತಿದೆ ಎಂಬ ಗುಣಗಳಿಗೆ 20ರಿಂದ 30. ಕೆಚ್ಚಲು ಬಾವು ಬರುವುದಕ್ಕೆ, ಗಬ್ಬ ನಿಲ್ಲುವುದಕ್ಕೆ ಶೇ. 5ರ ಆಸುಪಾಸು ಅಷ್ಟೇ.

ಇದರಲ್ಲಿ ಗಮನಿಸಬೇಕಾದ್ದು ಕೆಚ್ಚಲಿನ ಆಕಾರ. ಅದು ಹೆಚ್ಚುಕಡಿಮೆ ಹಾಲಿನಷ್ಟೇ ಗಟ್ಟಿಯಾಗಿ ವಂಶದಲ್ಲಿ ಇಳಿಯುತ್ತದೆ. ಹಾಲನ್ನು ಮೇವಿನಿಂದ ಸ್ವಲ್ಪವಾದರೂ ಏರಿಸಬಹುದು, ಜೋತುಬಿದ್ದ ಕೆಚ್ಚಲನ್ನು ಯಾವ ಹಿಂಡಿಯೂ ಮೇಲೆತ್ತುವುದಿಲ್ಲ. ಹಾಗಿದ್ದೂ ಹೋರಿ ಆರಿಸುವಾಗ ನಾವು ಹಾಲೊಂದನ್ನೇ ಕೇಳುತ್ತೇವೆ. ಈ ಅಭ್ಯಾಸ ಬದಲಾಗಬೇಕು ಅನ್ನುವುದೇ ಈ ಬರಹದ ಉದ್ದೇಶ.

ಹೆಜ್ಜೆ 1: ಪ್ರತಿ ಹಸುವಿನ ಹಾಲನ್ನು ಬೇರೆಬೇರೆಯಾಗಿ ಬರೆದಿಡಿ

ಡೇರಿಯ ಸ್ಲಿಪ್ಪಿನಲ್ಲಿ ಎಲ್ಲ ಹಸುಗಳ ಹಾಲೂ ಒಂದಾಗಿರುತ್ತದೆ. ಮನೆಗೆ ಇಟ್ಟಿದ್ದು, ಕರು ಕುಡಿದಿದ್ದು ಅದರಲ್ಲಿ ಬರುವುದೇ ಇಲ್ಲ. ತಳಿ ವಿಷಯಕ್ಕೆ ಆ ಸ್ಲಿಪ್ ಸಾಲದು.

ದಿನವೂ ಅಳೆಯಬೇಕಿಲ್ಲ. ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳಿ. ಅವತ್ತು ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಪ್ರತಿ ಹಸುವಿನ ಹಾಲನ್ನು ಅಳೆದು ಬರೆಯಿರಿ. ಅದನ್ನು 30ರಿಂದ ಗುಣಿಸಿದರೆ ಆ ತಿಂಗಳ ಅಂದಾಜು. ಹತ್ತು ತಿಂಗಳದ್ದು ಕೂಡಿಸಿದರೆ ಒಂದು ಸೂಲಿನ, ಅಂದರೆ ಒಮ್ಮೆ ಕರು ಹಾಕಿ ಹಾಲು ಬತ್ತುವವರೆಗಿನ, ಲೆಕ್ಕ ಸಿಗುತ್ತದೆ. ಎಲ್ಲ ಕಡೆ ಸೂಲನ್ನು 305 ದಿನಕ್ಕೆ ಅಳೆಯುತ್ತಾರೆ. ನಿಮ್ಮದೂ ಅಷ್ಟಕ್ಕೇ ಇರಲಿ, ಆಗ ಹೋಲಿಸಲು ಬರುತ್ತದೆ.

ಜಾತ್ರೆಯಲ್ಲಿ, ದಲ್ಲಾಳಿಗಳ ಬಾಯಲ್ಲಿ ಓಡಾಡುವುದು ಕರು ಹಾಕಿದ ಹೊಸದರ ಹಾಲು. "ಹೊತ್ತಿಗೆ ಹತ್ತು ಲೀಟರ್" ಅನ್ನುವ ಹಸು ಐದನೇ ತಿಂಗಳಿಗೆ ಮೂರಕ್ಕೆ ಇಳಿದರೆ ಏನು ಬಂತು? ಒಂದು ದಿನದ ಬಕೆಟ್ ನೋಡಿ ತಳಿ ತೀರ್ಮಾನ ಮಾಡಬೇಡಿ.

ಫ್ಯಾಟನ್ನೂ ವರ್ಷಕ್ಕೆ ಎರಡು ಮೂರು ಸಲ ಹಸುವಾರು ನೋಡಿಸಿ. ಹಾಲಿನ ಸಂಘದ ಕಾರ್ಯದರ್ಶಿಯನ್ನು ಕೇಳಿಕೊಂಡರೆ ಸ್ಯಾಂಪಲ್ ಹಾಕಿ ಕೊಡುತ್ತಾರೆ. ಸ್ಯಾಂಪಲ್ಲಿಗೆ ಮೊದಲ ಧಾರೆಯ ಹಾಲು ಬೇಡ, ಕೊನೆಯ ಧಾರೆಯದೂ ಬೇಡ. ಮೊದಲು ಬರುವುದರಲ್ಲಿ ಫ್ಯಾಟ್ ಕಡಿಮೆ, ಕೊನೆಗೆ ಬರುವುದರಲ್ಲಿ ಜಾಸ್ತಿ. ಪೂರ್ತಿ ಕರೆದು, ಚೆನ್ನಾಗಿ ಕಲಸಿ, ಅದರಿಂದ ತೆಗೆಯಿರಿ.

ಇನ್ನೊಂದು ಮಾತು. ಮೊದಲ ಸೂಲಿನ ಹಸುವನ್ನು ಮೂರನೇ ಸೂಲಿನದರ ಜೊತೆ ನೇರವಾಗಿ ಹೋಲಿಸಬೇಡಿ. ಮೊದಲ ಸೂಲಿನಲ್ಲಿ ಹಸು ತನ್ನ ಪೂರ್ತಿ ಶಕ್ತಿಯ ಮುಕ್ಕಾಲು ಪಾಲಷ್ಟು ಹಾಲು ಕೊಡುತ್ತದೆ. ಹೋಲಿಸುವುದಾದರೆ ಮೊದಲ ಸೂಲಿಗೆ ಮೊದಲ ಸೂಲು. ಮನೆಯಲ್ಲಿ ಎರಡೇ ಹಸು ಇದ್ದರೆ ಅದೇ ಊರಲ್ಲಿ, ಹೆಚ್ಚುಕಡಿಮೆ ಅದೇ ಮೇವು ಹಾಕುವ ಪಕ್ಕದ ಮನೆಯವರ ಹಸುಗಳ ಜೊತೆ ಹೋಲಿಸಿ.

ಹೆಜ್ಜೆ 2: ತಾಯಿಯಿಂದ ಎಷ್ಟು ಬರುತ್ತದೆ, ಲೆಕ್ಕ ಹಾಕಿ

ನಿಮ್ಮ ಕಡೆಯ ಸರಾಸರಿ ಒಂದು ಸೂಲಿಗೆ 3000 ಲೀಟರ್ ಅಂದುಕೊಳ್ಳಿ. ನಿಮ್ಮ ಗೌರಿ 4000 ಕೊಟ್ಟಿದೆ. ಸಾವಿರ ಲೀಟರ್ ಹೆಚ್ಚು. ಅದರ ಮಗಳೂ ಸಾವಿರ ಲೀಟರ್ ಹೆಚ್ಚು ಕೊಡುತ್ತಾಳಾ? ಇಲ್ಲ. ಆ ಸಾವಿರದಲ್ಲಿ ವಂಶದ ಪಾಲು ಶೇ. 30 ಎಂದಿಟ್ಟುಕೊಂಡರೆ 300 ಲೀಟರ್. ಮಗಳಿಗೆ ದಾಟುವುದು ಅದರ ಅರ್ಧ, 150. ಉಳಿದದ್ದು ಆ ವರ್ಷದ ಒಳ್ಳೆಯ ಮೇವು, ರೋಗ ಬಾರದೆ ಇದ್ದದ್ದು, ಅದೃಷ್ಟ.

ಗೌರಿ ಒಂದರ ಬದಲು ಮೂರು ಸೂಲಿನಲ್ಲೂ ಸರಾಸರಿ ಸಾವಿರ ಲೀಟರ್ ಹೆಚ್ಚು ಕೊಟ್ಟಿದ್ದರೆ ಲೆಕ್ಕ ಬದಲಾಗುತ್ತದೆ. ಮೂರು ಸಲ ಅದೃಷ್ಟ ಒಂದೇ ಕಡೆ ವಾಲುವುದು ಕಷ್ಟ ಅಲ್ವಾ? ಆಗ ವಂಶದ ಪಾಲು ಸುಮಾರು 450 ಲೀಟರ್ ಎಂದು ನಂಬಬಹುದು, ಮಗಳಿಗೆ 225. ಮೊದಲ ಹೆಜ್ಜೆಯಲ್ಲಿ ಬರೆದಿಡಿ ಎಂದು ಒತ್ತಿ ಹೇಳಿದ್ದು ಇದಕ್ಕೆ.

ಈಗ ಹೋರಿ ಕಡೆ. ಒಂದು ಹೋರಿಯ ವೀರ್ಯದಿಂದ ಬೇರೆಬೇರೆ ಊರುಗಳಲ್ಲಿ ನೂರಾರು ಹೆಣ್ಣುಮಕ್ಕಳು ಹುಟ್ಟಿ, ಅವೆಲ್ಲ ಹಾಲು ಕೊಟ್ಟು, ಆ ಹಾಲನ್ನು ಅಳೆದು ತೆಗೆದ ಲೆಕ್ಕ ಇದ್ದರೆ ಅದು ತುಂಬ ಗಟ್ಟಿ. ನೂರು ಕೊಟ್ಟಿಗೆಯ ಮೇವು, ನೂರು ಜನರ ಆರೈಕೆ ಅದರಲ್ಲಿ ಸರಿದೂಗಿರುತ್ತದೆ. ನಮ್ಮ ಕೊಟ್ಟಿಗೆಯ ಹಸು ಎಷ್ಟೇ ಒಳ್ಳೆಯದಿರಲಿ, ಅದರ ಬಗ್ಗೆ ಇಷ್ಟು ಗಟ್ಟಿಯಾದ ಲೆಕ್ಕ ನಮಗೆ ಸಿಗುವುದಿಲ್ಲ. ತಳಿ ಸುಧಾರಣೆಯ ದೊಡ್ಡ ಪಾಲು ಹೋರಿ ಕಡೆಯಿಂದ ಬರುವುದು ಹೀಗೆ.

ಹೆಜ್ಜೆ 3: ಕೆಚ್ಚಲನ್ನು ಕೂತು ನೋಡಿ

ಇದಕ್ಕೆ ಒಂದು ಹಸುವಿಗೆ ಹತ್ತು ನಿಮಿಷ ಸಾಕು. ನೋಡುವ ಸಮಯ ಮುಖ್ಯ. ಕರು ಹಾಕಿದ ಮೊದಲ ವಾರಗಳಲ್ಲಿ ಕೆಚ್ಚಲು ಊದಿಕೊಂಡಿರುತ್ತದೆ, ಆಗ ನೋಡಿದರೆ ಏನೂ ತಿಳಿಯುವುದಿಲ್ಲ. ಒಂದರಿಂದ ಮೂರನೇ ತಿಂಗಳ ನಡುವೆ, ಹಾಲು ಕರೆಯುವ ಮೊದಲು ಒಮ್ಮೆ, ಕರೆದ ಮೇಲೆ ಒಮ್ಮೆ ನೋಡಿ. ಆದಷ್ಟು ಮೊದಲ ಸೂಲಿನಲ್ಲೇ ನೋಡಿ ಬರೆದಿಡಿ. ವಯಸ್ಸಾದಂತೆ ಎಲ್ಲ ಹಸುಗಳ ಕೆಚ್ಚಲೂ ಇಳಿಯುತ್ತದೆ.

ಹಿಂದೆ ನಿಂತು ನೋಡಿದಾಗ ಕೆಚ್ಚಲಿನ ನಡುವೆ ಮೇಲಿನಿಂದ ಕೆಳಕ್ಕೆ ಸ್ಪಷ್ಟವಾದ ಸೀಳು ಕಾಣಬೇಕು. ಒಳಗಿನ ನಡುತಂತು ಗಟ್ಟಿಯಾಗಿದೆ ಎಂಬುದಕ್ಕೆ ಅದೇ ಗುರುತು. ಇಡೀ ಕೆಚ್ಚಲಿನ ಭಾರ ಹೊರುವುದರಲ್ಲಿ ಅದರದೇ ದೊಡ್ಡ ಪಾಲು. ಸೀಳು ಮಾಯವಾಗಿ ತಳ ಚಪ್ಪಟೆಯಾಗಿದ್ದರೆ, ಅಥವಾ ಕೆಳಕ್ಕೆ ಉಬ್ಬಿದ್ದರೆ ತಂತು ಸೋತಿದೆ ಎಂದರ್ಥ. ಆಗ ತೊಟ್ಟುಗಳು ಹೊರಕ್ಕೆ ಮುಖ ಮಾಡುತ್ತವೆ.

ಪಕ್ಕದಿಂದ ನೋಡಿ. ಹಿಂಗಾಲಿನ ನಡುವೆ ಹಿಂದಕ್ಕೆ ಚೂಪಾಗಿ ಕಾಣುವ ಕೀಲು ಇದೆಯಲ್ಲ, ಕೆಚ್ಚಲಿನ ತಳ ಅದಕ್ಕಿಂತ ಮೇಲೆ ಇರಬೇಕು. ಕೀಲಿಗಿಂತ ಕೆಳಗೆ ಇಳಿದ ಕೆಚ್ಚಲು ಸಗಣಿ, ಗಂಜಲಕ್ಕೆ ತಾಗುತ್ತದೆ, ಕಾಲಿಗೆ ಸಿಕ್ಕಿ ಗಾಯವಾಗುತ್ತದೆ, ಬಾವು ಬರುತ್ತದೆ. ಕೆಚ್ಚಲು ಬಾವು ನೇರವಾಗಿ ವಂಶದಲ್ಲಿ ಇಳಿಯುವುದು ಕಡಿಮೆ ಎಂದು ಆಗಲೇ ಹೇಳಿದೆ. ಆದರೆ ಬಾವಿಗೆ ದಾರಿ ಮಾಡಿಕೊಡುವ ಆಕಾರ ಚೆನ್ನಾಗಿಯೇ ಇಳಿಯುತ್ತದೆ. ಬಾವು ತಡೆಯಲು ತಳಿಯ ಮೂಲಕ ನಮ್ಮ ಕೈಲಾಗುವ ಕೆಲಸ ಇಲ್ಲೇ ಇದೆ.

ಕೆಚ್ಚಲಿನ ಮುಂಭಾಗ ಹೊಟ್ಟೆಗೆ ನಯವಾಗಿ ಕೂಡಿಕೊಂಡಿರಬೇಕು. ನಡುವೆ ಕೈ ತೂರುವಷ್ಟು ಹಳ್ಳ ಬಿದ್ದಿದ್ದರೆ ಜೋಡಣೆ ಸಡಿಲ. ಹಿಂಭಾಗ ಆದಷ್ಟು ಮೇಲೆ, ಅಗಲವಾಗಿ ಅಂಟಿಕೊಂಡಿರಬೇಕು. ಹಾಲಿನಲ್ಲಿ ಸುಮಾರು ಶೇ. 60 ಹಿಂದಿನ ಎರಡು ಭಾಗದಿಂದಲೇ ಬರುತ್ತದೆ.

ಇನ್ನು ತೊಟ್ಟುಗಳು. ಇಲ್ಲಿ ಒಂದು ವಿಷಯ ನೆನಪಿಡಿ. ಕೆಚ್ಚಲಿನ ಜೋಡಣೆ ಗಟ್ಟಿ ಇದ್ದಷ್ಟೂ ಒಳ್ಳೆಯದು, ಆದರೆ ತೊಟ್ಟಿನ ಉದ್ದ ಮತ್ತು ಜಾಗದಲ್ಲಿ ನಡುವಿನದ್ದೇ ಒಳ್ಳೆಯದು. ಐದಾರು ಸೆಂಟಿಮೀಟರ್ ಉದ್ದ ಇದ್ದರೆ ಕೈಯಲ್ಲೂ ಕರೆಯಬಹುದು, ಮಿಷನ್ನಿಗೂ ಹೊಂದುತ್ತದೆ. ಬೇರೆ ದೇಶದ ಎಚ್‌ಎಫ್ ಹೋರಿಗಳಲ್ಲಿ ಕೆಲವು ಗಿಡ್ಡ ತೊಟ್ಟನ್ನೂ, ಒಂದಕ್ಕೊಂದು ತಾಗುವ ಹಿಂದಿನ ತೊಟ್ಟುಗಳನ್ನೂ ಮಗಳಿಗೆ ಕೊಡುತ್ತವೆ. ಕೈಯಲ್ಲಿ ಕರೆಯುವ ಮನೆಗೆ ಅಂಥ ಮಗಳು ದಿನಕ್ಕೆ ಎರಡು ಸಲ ಹಿಂಸೆ. ಬೆರಳ ತುದಿಯಲ್ಲಿ ಹಿಂಡಿ ಹಿಂಡಿ ಮನೆಯ ಹೆಂಗಸರ ಕೈ ನೋಯುತ್ತದೆ, ಹಾಲು ಪೂರ್ತಿ ಇಳಿಯದೆ ಉಳಿಯುತ್ತದೆ. ಕರೆಯುವವರ ಮಾತನ್ನು ಕೇಳದೆ ಹೋರಿ ಆರಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕರೆದ ಮೇಲೆ ಕೆಚ್ಚಲು ಮುಟ್ಟಿ ನೋಡಿ. ಖಾಲಿ ಚೀಲದಂತೆ ಮೆತ್ತಗೆ ಸುಕ್ಕಾದರೆ ಅದು ಹಾಲಿನ ಕೆಚ್ಚಲು. ಕರೆದ ಮೇಲೂ ಗಡುಸಾಗಿ, ಅಷ್ಟೇ ದಪ್ಪ ಉಳಿದರೆ ಅದರಲ್ಲಿ ಮಾಂಸ, ಕೊಬ್ಬು ಜಾಸ್ತಿ, ಇಲ್ಲವೇ ಹಳೆಯ ಬಾವಿನ ಗಟ್ಟಿ. ದೊಡ್ಡ ಕೆಚ್ಚಲು ನೋಡಿ ದುಡ್ಡು ಕೊಡುವವರು ಇದನ್ನು ತಪ್ಪದೆ ನೋಡಬೇಕು. ಹೊಟ್ಟೆಯ ಕೆಳಗಿನ ದಪ್ಪ ಹಾಲಿನ ನರ ನೋಡಿ ಹಾಲು ಹೇಳುವ ರೂಢಿಯೂ ಇದೆ. ಬರೆದಿಟ್ಟ ಹಾಲಿನ ಲೆಕ್ಕ ಇರುವಾಗ ಅದರ ಮೇಲೆ ಭಾರ ಹಾಕುವುದು ಬೇಡ.

ಹೆಜ್ಜೆ 4: ಹುಟ್ಟಿನಿಂದ ಬಂದದ್ದು ಯಾವುದು, ಆಮೇಲೆ ಆದದ್ದು ಯಾವುದು

ಬಾವು ಬಂದು ಒಂದು ಭಾಗ ಬತ್ತಿಹೋದ ಹಸುವಿನ ಕರುವಿಗೆ ಆ ದೋಷ ಬರುವುದಿಲ್ಲ. ಯಾರೋ ತುಳಿದು ಸೀಳಿದ ತೊಟ್ಟು, ಮುಳ್ಳು ತಂತಿಗೆ ಸಿಕ್ಕ ಗಾಯ, ಇವೂ ಹಾಗೆಯೇ. ಮೂರು ತೊಟ್ಟಿನಲ್ಲಿ ಕರೆಯುವ ಒಳ್ಳೆಯ ಹಸುವಿನ ಹೆಣ್ಣುಗರುವನ್ನು ಸುಮ್ನೆ ಅಗ್ಗಕ್ಕೆ ಮಾರಬೇಡಿ.

ನಾಲ್ಕಕ್ಕಿಂತ ಹೆಚ್ಚು ತೊಟ್ಟು ಇರುವುದು ಮಾತ್ರ ವಂಶದ್ದೇ. ಹೆಣ್ಣುಗರು ಹುಟ್ಟಿದ ಕೂಡಲೇ ಎಣಿಸಿ. ಹೆಚ್ಚಿನ ತೊಟ್ಟನ್ನು ಕರು ಚಿಕ್ಕದಿರುವಾಗಲೇ ಪಶುವೈದ್ಯರಿಂದ ತೆಗೆಸಬಹುದು, ಆಗ ನೋವೂ ಕಡಿಮೆ. ಯಾವುದು ನಿಜವಾದದ್ದು ಎಂದು ಅವರೇ ನೋಡಿ ಹೇಳಲಿ, ಮನೆಯಲ್ಲಿ ಕತ್ತರಿ ಹಾಕಬೇಡಿ. ತೆಗೆಸಿದ ಮೇಲೂ ಪುಸ್ತಕದಲ್ಲಿ ಬರೆದಿಡಿ, ಗುಣ ಒಳಗೆ ಇದ್ದೇ ಇರುತ್ತದೆ.

ಹೆಜ್ಜೆ 5: ಹೋರಿಯ ಚೀಟಿ ಓದಿ

ನಮ್ಮಲ್ಲಿ ಬೆಂಗಳೂರು ಹತ್ತಿರದ ಹೆಸರಘಟ್ಟದ ಕೇಂದ್ರಗಳೂ ಸೇರಿದಂತೆ ಹಲವು ಕಡೆಯಿಂದ ವೀರ್ಯದ ಸ್ಟ್ರಾ (ವೀರ್ಯ ತುಂಬಿದ ಸಣ್ಣ ನಳಿಕೆ) ಬರುತ್ತದೆ. ಪ್ರತಿ ಸ್ಟ್ರಾ ಮೇಲೂ ಹೋರಿಯ ನಂಬರ್, ತಳಿ, ಕೇಂದ್ರದ ಗುರುತು ಅಚ್ಚಾಗಿರುತ್ತದೆ. ಆ ನಂಬರಿನಿಂದ ಹೋರಿಯ ವಿವರ ಕೇಳಬಹುದು. ಕೇಳುವುದು ನಿಮ್ಮ ಹಕ್ಕು.

ಎಷ್ಟೋ ಪಟ್ಟಿಗಳಲ್ಲಿ ಎದ್ದು ಕಾಣುವುದು ಹೋರಿಯ ತಾಯಿ ಒಂದು ಸೂಲಿಗೆ ಕೊಟ್ಟ ಹಾಲು. ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. ಆ ತಾಯಿಯ ಗುಣದಲ್ಲಿ ಅರ್ಧ ಹೋರಿಗೆ ಬಂದಿದೆ, ಅದರ ಅರ್ಧ ನಿಮ್ಮ ಕರುವಿಗೆ. ಅಂದರೆ ಕಾಲು ಪಾಲು, ಅದೂ ವಂಶದಿಂದ ಬಂದ ಪಾಲಿನಲ್ಲಿ ಮಾತ್ರ. ಅದಕ್ಕಿಂತ ನಂಬಬೇಕಾದ ಅಂಕಿ ತಳಿಮೌಲ್ಯ, ಅಂದರೆ ಹೋರಿ ಸರಾಸರಿಗಿಂತ ಎಷ್ಟು ಹೆಚ್ಚು ಹಾಲಿನ ಗುಣ ಹೊತ್ತಿದೆ ಎಂಬ ಅಂದಾಜು. ಮಗಳಂದಿರ ಹಾಲಿನಿಂದಲೋ, ಜೀನ್ ಪರೀಕ್ಷೆಯಿಂದಲೋ, ಎರಡರಿಂದಲೂ ಇದನ್ನು ತೆಗೆದಿರುತ್ತಾರೆ. ತಳಿಮೌಲ್ಯ 800 ಎಂದಿದ್ದರೆ ಮಗಳಿಗೆ ಬರುವುದು ಅರ್ಧ, 400. ಅಮೆರಿಕದ ಪಟ್ಟಿಗಳಲ್ಲಿ ಮಾತ್ರ ಮಗಳಿಗೆ ದಾಟುವ ಅರ್ಧವನ್ನೇ ಅಚ್ಚು ಹಾಕಿರುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಮೋಸ ಹೋಗುತ್ತೀರಿ. ಅಂಕಿಯ ಪಕ್ಕದಲ್ಲಿ ಅದು ಎಷ್ಟು ನಂಬಿಕೆಯದು ಎಂಬ ಶೇಕಡಾವಾರು ಇದ್ದರೆ ಅದನ್ನೂ ನೋಡಿ.

ಜೀನ್ ಪರೀಕ್ಷೆ ನಮ್ಮ ದೇಶಕ್ಕೂ ಬಂದಿದೆ. 2024ರ ಅಕ್ಟೋಬರಿನಲ್ಲಿ ಹಸುಗಳಿಗೆ ಗೌ ಚಿಪ್, ಎಮ್ಮೆಗಳಿಗೆ ಮಹಿಷ್ ಚಿಪ್ ಬಿಡುಗಡೆಯಾದವು. ಮಗಳಂದಿರು ಹಾಲು ಕೊಡುವವರೆಗೆ ಕಾಯದೆ, ಹೋರಿ ಕರುವಾಗಿರುವಾಗಲೇ ಅಂದಾಜು ಮಾಡಲು ಇಂಥ ಪರೀಕ್ಷೆ ಬೇಕು.

ಹಾಲು ಹೆಚ್ಚಾದಂತೆ ಕೆಲವು ಗುಣಗಳು ಹಿಂದಕ್ಕೆ ಎಳೆಯುತ್ತವೆ. ಫ್ಯಾಟಿನ ಶೇಕಡಾವಾರು ಇಳಿಯುತ್ತದೆ, ಕೆಚ್ಚಲು ಕೆಳಗೆ ಬರುತ್ತದೆ, ಗಬ್ಬ ನಿಲ್ಲುವುದು ತಡವಾಗುತ್ತದೆ. ಎಲ್ಲ ಹೋರಿಗಳಲ್ಲೂ ಹೀಗೇ ಆಗಬೇಕೆಂದಿಲ್ಲ. ಹಾಲೂ ಇದ್ದು ಕೆಚ್ಚಲೂ ಗಟ್ಟಿ ಇರುವ ಹೋರಿಗಳು ಇವೆ, ಹುಡುಕಬೇಕು. ಹಾಲಿನ ಅಂಕಿ ಸ್ವಲ್ಪ ಕಡಿಮೆ ಇದ್ದರೂ ಕೆಚ್ಚಲು ಚೆನ್ನಾಗಿ ಕೊಡುವ ಹೋರಿಯನ್ನೇ ನಾನು ಆರಿಸುತ್ತೇನೆ. ಎರಡು ಸೂಲು ಜಾಸ್ತಿ ಬಾಳಿದ ಹಸು ಆ ವ್ಯತ್ಯಾಸವನ್ನು ತುಂಬಿಕೊಡುತ್ತದೆ.

ಹೆಜ್ಜೆ 6: ಹಸುವಿನ ಕೊರತೆಗೆ ತಕ್ಕ ಹೋರಿ

ಒಂದೇ ಹೋರಿ ಎಲ್ಲ ಹಸುವಿಗೂ ಸರಿಹೋಗುವುದಿಲ್ಲ. ಮೂರನೇ ಹೆಜ್ಜೆಯಲ್ಲಿ ಬರೆದದ್ದನ್ನು ತೆರೆಯಿರಿ. ಒಂದೊಂದು ಹಸುವಿಗೂ ತಿದ್ದಬೇಕಾದ ಒಂದು, ಹೆಚ್ಚೆಂದರೆ ಎರಡು ಗುಣ ಆರಿಸಿ. ಜೋತ ಕೆಚ್ಚಲಿದ್ದರೆ ಕೆಚ್ಚಲು ಮೇಲೆ ನಿಲ್ಲಿಸುವ, ನಡುತಂತು ಗಟ್ಟಿ ಕೊಡುವ ಹೋರಿ. ಗಿಡ್ಡ ತೊಟ್ಟಿದ್ದರೆ ಉದ್ದದ ಕಡೆ ವಾಲಿದ ಹೋರಿ. ಫ್ಯಾಟ್ ಬೀಳುತ್ತಿದ್ದರೆ ಫ್ಯಾಟ್ ಅಂಕಿ ಚೆನ್ನಾಗಿರುವ ಹೋರಿ. ಒಂದೇ ತಲೆಮಾರಿನಲ್ಲಿ ಪೂರ್ತಿ ಸರಿಯಾಗುವುದಿಲ್ಲ. ಮಗಳು ಸರಾಸರಿಯಲ್ಲಿ ಇಬ್ಬರ ನಡುವೆ ನಿಲ್ಲುತ್ತಾಳೆ. ಮೊಮ್ಮಗಳ ಹೊತ್ತಿಗೆ ಕೊಟ್ಟಿಗೆಯ ಚಹರೆಯೇ ಬದಲಾಗುತ್ತದೆ.

ಹೋರಿಯ ಕೆಚ್ಚಲಿನ ಗುಣದ ವಿವರ ಸಿಗದಿದ್ದರೆ ಒಂದು ದಾರಿ ಇದೆ. ಅದೇ ನಂಬರಿನ ಹೋರಿಗೆ ಹುಟ್ಟಿದ ಹಸುಗಳು ಸುತ್ತಮುತ್ತ ಯಾರ ಮನೆಯಲ್ಲಿವೆ ಎಂದು ಇಂಜೆಕ್ಷನ್ ಹಾಕುವವರನ್ನು ಕೇಳಿ, ಹೋಗಿ ನೋಡಿ ಬನ್ನಿ. ನಾಲ್ಕೈದು ಮಗಳಂದಿರಲ್ಲಿ ಒಂದೇ ದೋಷ ಕಂಡರೆ ಆ ಹೋರಿ ನಿಮಗೆ ಬೇಡ.

ಹೆಜ್ಜೆ 7: ರಕ್ತದ ಪಾಲು ಲೆಕ್ಕ ಇಡಿ

ಹಳ್ಳಿಕಾರ್, ಅಮೃತಮಹಲ್, ಖಿಲಾರಿ ದುಡಿಮೆಗೆಂದು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ತಳಿಗಳು, ಹಾಲಿಗಲ್ಲ. ಅವುಗಳ ಜೊತೆ ಎಚ್‌ಎಫ್ ಬೆರೆತಾಗ ಮೊದಲ ತಲೆಮಾರು ಎದ್ದು ನಿಲ್ಲುತ್ತದೆ. ಅದರಲ್ಲಿ ಒಂದು ಪಾಲು ಬೆರಕೆಯಿಂದ ಬಂದ ಜೋರು. ಮಿಶ್ರತಳಿಗೆ ಮಿಶ್ರತಳಿ ಸೇರಿಸಿದಾಗ ಆ ಜೋರು ಅಷ್ಟೇ ಉಳಿಯುವುದಿಲ್ಲ, ಮಕ್ಕಳಲ್ಲಿ ಒಂದು ಹಾಗೆ, ಒಂದು ಹೀಗೆ ಆಗುತ್ತದೆ.

ಹಾಗಂತ ಪ್ರತಿ ಸಲವೂ ಶುದ್ಧ ಎಚ್‌ಎಫ್ ಹಾಕಿಸಿದರೆ ಎಚ್‌ಎಫ್ ರಕ್ತದ ಪಾಲು ಏರುತ್ತಾ ಹೋಗುತ್ತದೆ. ಶೇ. 50 ಎಚ್‌ಎಫ್ ಪಾಲಿನ ಹಸುವಿಗೆ ಶುದ್ಧ ಹೋರಿ ಹಾಕಿದರೆ ಕರು 75. ಅದಕ್ಕೆ ಮತ್ತೆ ಹಾಕಿದರೆ 87.5. ಹಾಲಿನ ಗುಣ ಏರಿದರೂ ಬಿಸಿಲು, ಉಣ್ಣಿ, ಕಡಿಮೆ ಮೇವು ತಡೆಯುವ ಶಕ್ತಿ ಇಳಿಯುತ್ತದೆ. 75ರ ಹಸುವಿಗೆ 50ರ ಮಿಶ್ರತಳಿ ಹೋರಿ ಹಾಕಿದರೆ ಕರು 62.5. ಬಯಲುಸೀಮೆಯ ಬಿಸಿಲಿಗೆ, ಸಾಧಾರಣ ಮೇವಿನ ಮನೆಗೆ 50ರಿಂದ 62.5ರ ನಡುವೆ ಇಟ್ಟುಕೊಳ್ಳುವುದು ಕ್ಷೇಮ. ಹಸಿಮೇವು, ಸೈಲೇಜ್ (ಹುಳಿಬರಿಸಿ ಕೂಡಿಟ್ಟ ಮೇವು), ಫ್ಯಾನು, ನೀರು ಎಲ್ಲ ಸರಿಯಾಗಿ ಇರುವವರು ಮೇಲೆ ಹೋಗಬಹುದು.

ಹೆಜ್ಜೆ 8: ತಂದೆ ಮಗಳು ಸೇರದಂತೆ ನೋಡಿಕೊಳ್ಳಿ

ಇದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ನಡೆಯುತ್ತದೆ. ಸ್ಟ್ರಾ ವರ್ಷಗಟ್ಟಲೆ ಕೆಡದೆ ಇರುತ್ತದೆ. ಹೋರಿಯ ನಂಬರ್ ಬರೆದಿಡದಿದ್ದರೆ ಮಗಳು ಬೆದೆಗೆ ಬಂದಾಗ ಅದೇ ಹೋರಿಯದ್ದು ಮತ್ತೆ ಬೀಳಬಹುದು. ಊರಿಗೊಂದೇ ಬೀಜದ ಹೋರಿ ಇರುವ ಕಡೆಯಂತೂ ಇದು ಗ್ಯಾರಂಟಿ. ತಂದೆ ಮಗಳು ಸೇರಿ ಹುಟ್ಟಿದ ಕರುವಿನಲ್ಲಿ ಒಳಸಂತಾನದ (ಹತ್ತಿರದ ರಕ್ತ ಕೂಡಿದ) ಪ್ರಮಾಣ ಶೇ. 25. ಒಂದೇ ತಂದೆಯ ಮಕ್ಕಳು ಸೇರಿದರೆ 12.5. ಹಾಲು ಇಳಿಯುತ್ತದೆ, ಕರು ಬಡವಾಗುತ್ತದೆ, ಮುಚ್ಚಿದ್ದ ದೋಷಗಳು ಹೊರಬರುತ್ತವೆ.

ಮದ್ದು ಸುಲಭ. ಇಂಜೆಕ್ಷನ್ ಆದ ಮೇಲೆ ಖಾಲಿ ಸ್ಟ್ರಾವನ್ನು ಕೇಳಿ ತೆಗೆದುಕೊಳ್ಳಿ. ತಾರೀಖು, ಹೋರಿ ನಂಬರ್, ಹಸುವಿನ ಕಿವಿಯ ಓಲೆಯಲ್ಲಿರುವ 12 ಅಂಕಿಯ ನಂಬರ್ ಒಂದೇ ಸಾಲಿನಲ್ಲಿ ಬರೆಯಿರಿ. ಕರು ಹುಟ್ಟಿ ಅದಕ್ಕೂ ಓಲೆ ಬಿದ್ದಾಗ ಅದೇ ಸಾಲಿಗೆ ಸೇರಿಸಿ.

ಹೆಜ್ಜೆ 9: ಯಾವ ಹಸುವಿನ ಕರು ಉಳಿಸಿಕೊಳ್ಳಬೇಕು

ಎಲ್ಲ ಹೆಣ್ಣುಗರುವನ್ನೂ ಸಾಕಲು ಮೇವು ಯಾರಲ್ಲಿದೆ? ಹಾಲಿನ ಲೆಕ್ಕ, ಕೆಚ್ಚಲಿನ ಟಿಪ್ಪಣಿ ಎರಡೂ ಚೆನ್ನಾಗಿರುವ ಹಸು ಮತ್ತು ಅವುಗಳ ಕಡಸುಗಳಿಗೆ ಲಿಂಗ ನಿರ್ಧಾರಿತ ವೀರ್ಯ ಹಾಕಿಸಿ. ಹತ್ತರಲ್ಲಿ ಒಂಬತ್ತು ಸಲ ಹೆಣ್ಣೇ ಹುಟ್ಟುತ್ತದೆ. ಗಬ್ಬ ನಿಲ್ಲುವುದು ಮಾಮೂಲಿ ವೀರ್ಯಕ್ಕಿಂತ ಸ್ವಲ್ಪ ಕಡಿಮೆ, ಆದ್ದರಿಂದ ಮೈಕಟ್ಟು ಚೆನ್ನಾಗಿರುವ, ಬೆದೆ ಸ್ಪಷ್ಟವಾಗಿ ಬರುವ ಕಡಸುಗಳಿಗೆ ಮೊದಲು ಬಳಸಿ. ಕೆಚ್ಚಲು ಜೋತ, ಹಾಲೂ ಕಡಿಮೆ ಇರುವ ಹಸುವಿನ ಹೆಣ್ಣುಗರು ಕೊಟ್ಟಿಗೆಯ ಮುಂದಿನ ತಾಯಿ ಆಗುವುದು ಬೇಡ.

ಹೆಜ್ಜೆ 10: ಬಂದ ಗುಣ ಹೊರಬರಲು ಬಿಡಿ, ಆಮೇಲೆ ಅಳೆಯಿರಿ

ಒಳ್ಳೆಯ ಹೋರಿಯ ಕರುವನ್ನು ಒಣ ಹುಲ್ಲಿನ ಮೇಲೆ ಬಿಟ್ಟರೆ ಹೋರಿಯ ಹೆಸರು ಕೆಡುತ್ತದೆ ಅಷ್ಟೇ. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಮೂರರಿಂದ ಒಂಬತ್ತು ತಿಂಗಳ ನಡುವೆ ಹಿಂಡಿ ಅತಿಯಾಗಿ ತಿನ್ನಿಸಿ ಕೊಬ್ಬಿಸಬೇಡಿ. ಆ ವಯಸ್ಸಿನಲ್ಲಿ ಕೆಚ್ಚಲೊಳಗೆ ಹಾಲಿನ ಅಂಗಾಂಶ ಬೆಳೆಯುವ ಜಾಗಕ್ಕೆ ಕೊಬ್ಬು ಕೂರುತ್ತದೆ. ಬಡಕಲಾಗಿಯೂ ಬಿಡಬೇಡಿ, ಒಂದೇ ಸಮನೆ ಬೆಳೆಯಲಿ.

ಕಡಸು ಮೊದಲ ಕರು ಹಾಕಿದ ಮೇಲೆ ಎರಡನೇ ತಿಂಗಳಲ್ಲಿ ಕೆಚ್ಚಲು ನೋಡಿ, ಅದರ ತಾಯಿಯ ಮೊದಲ ಸೂಲಿನ ಟಿಪ್ಪಣಿಯ ಪಕ್ಕದಲ್ಲೇ ಬರೆಯಿರಿ. ತಿಂಗಳ ಹಾಲಿನ ಅಳತೆ ಶುರು ಮಾಡಿ. ನಿಮ್ಮ ಊರಿನಲ್ಲಿ ಅದೇ ಹೋರಿಯ ಮಗಳು ಇರುವ ಇನ್ನಿಬ್ಬರಿಗೂ ಹೀಗೇ ಬರೆಯಲು ಹೇಳಿ. ಮುಂದಿನ ಬೆದೆಗೆ ಆ ನಂಬರ್ ಮತ್ತೆ ಬೇಕೋ ಬೇಡವೋ ಎಂದು ಮೂವರೂ ಪುಸ್ತಕ ಇಟ್ಟುಕೊಂಡು ಒಟ್ಟಿಗೆ ತೀರ್ಮಾನಿಸಿ.